ಗಲ್ಲದ ಮೇಲಿನ ಮಚ್ಚೆ

ಮೊಮ್ಮಗಳನ್ನು ಶಾಲೆಗೆ ಸೇರಿಸಲು ಹೋಗಿದ್ದೆ. ಅರ್ಜಿಯಲ್ಲಿ ‘ಗುರುತಿನ ಚಿಹ್ನೆ’ ಎಂಬಲ್ಲಿಗೆ ಬಂದ ಗುಮಾಸ್ತ ತಲೆಯೆತ್ತದೆ ಕೇಳಿದ: “ಗಲ್ಲದ ಮ್ಯಾಲೆ ಮಚ್ಚಿ ಅಂತ ಬರೀಲೇನ್ರಿ ಅಜ್ಜಾರ?” ಮೈ ಉರಿಯಿತು.

ನಾನು ಚಿಕ್ಕವನಿದ್ದಾಗ ನಮ್ಮೂರ ಶಾಲೆಯ ಮಾಸ್ತರನೂ ಎಲೆಯಡಿಕೆ ಜಗಿಯುತ್ತ ಎಲ್ಲ ಮಕ್ಕಳಿಗೂ ಅದನ್ನೇ ಬರೆದಿದ್ದ. ಸಿಂದಗಿ ಸಂತೆಯಲ್ಲಿ ತಂಗಿ ಜೈನಬಿ ಕಳೆದುಹೋದಾಗ, ಓದು ಬಾರದ ಅಪ್ಪ ಶಾಲೆಯ ಆ ದಾಖಲೆಯನ್ನೇ ಪೊಲೀಸ್ ಫೌಜದಾರನಿಗೆ ಕೊಟ್ಟ. ಇಂಡಿ ಕಡೆ ಮೊಣಕೈಯಲ್ಲಿ ಸುಟ್ಟ ಕಲೆಯಿದ್ದ ಹುಡುಗಿಯೊಬ್ಬಳು ಸಿಕ್ಕಿದ್ದಳಂತೆ. ಗಲ್ಲದಲ್ಲಿ ಮಚ್ಚೆಯಿಲ್ಲವೆಂಬ ಕಾರಣಕ್ಕೆ ಪೊಲೀಸರು ನಮಗೆ ಹೇಳಿ ಕಳಿಸಲೇ ಇಲ್ಲ; ಅವಳನ್ನು ಇನ್ಯಾರೋ ಕರೆದೊಯ್ದರು.

“ರೊಟ್ಟಿ ಹಂಚು ತಾಗಿ ಸುಟ್ಟ ಕಲಿ ಅದು. ನನ್ನ ಒಂದ್ ಮಾತು ಕೇಳಬಾರದಾಗಿತ್ತೇನ್ರಿ?” ಎಂದು ಅವ್ವ ಮಾಸ್ತರನ ಬಾಗಿಲಲ್ಲಿ ಅತ್ತಳು.

“ಎಲ್ಲಾರಿಗೂ ಹಂಗ ಬರೀತೇವಿ” ಎಂದು ಅವನು ಎಲೆ ಉಗುಳಿದ.

ಜೈನಬಿ ಮತ್ತೆ ಸಿಗಲಿಲ್ಲ.

ಗುಮಾಸ್ತನ ಪೆನ್ನು ಕಿತ್ತುಕೊಂಡೆ. “ಮೊದಲ ತಲಿ ಎತ್ತಿ ಹುಡುಗಿ ಮಾರಿ ನೋಡೋ.”