ಎಂಟು ಹೆಡೆಯ ಹಾವೂ ನನ್ನ ಬಲಗೈಯೂ

ಈ ಬೇಸಿಗೆಯಲ್ಲಿ ನನ್ನ ಬಲಗೈ ನಮ್ಮ ಮನೆಗೆ ಬಂದ ನೆಂಟರಂತೆ ಇತ್ತು. ಊಟದ ಹೊತ್ತಿಗೆ ಸುಮ್ಮನೆ ತೊಡೆಯ ಮೇಲೆ ಕೂತಿರುತ್ತಿತ್ತು, ಕೆಲಸದ ಹೊತ್ತಿಗೆ ಸೆರಗಿನೊಳಗೆ ಅಡಗಿಕೊಳ್ಳುತ್ತಿತ್ತು. ಕೈ ಎಂಬ ಒಂದೇ ಅಕ್ಷರದ ಮೇಲೆ ನಮ್ಮ ಭಾಷೆ ಎಷ್ಟೊಂದು ಭಾರ ಹೊರಿಸಿದೆ ನೋಡಿ: ಹಿಡಿಯುವುದೂ ಕೈಯೇ, ಬಿಡುವುದೂ ಕೈಯೇ, ಕೂಡುವುದೂ ಮೀರುವುದೂ ಅದೇ. ನನ್ನ ಕೈಯಂತೂ ನನಗೇ ಕೈಕೊಟ್ಟಿತ್ತು.

ತೂಬಗೆರೆ ಕಡೆಯಿಂದ ದೊಡ್ಡಬಳ್ಳಾಪುರಕ್ಕೆ ಸ್ಕೂಟರಿನಲ್ಲಿ ಬರುತ್ತಿದ್ದಾಗ, ಗಾಡಿಗಳ ಚಕ್ರವೇ ಒಕ್ಕಣೆ ಮಾಡಿಕೊಡಲೆಂದು ಯಾರೋ ರಸ್ತೆಯ ಮೇಲೆ ಹರಡಿದ್ದ ಹುರುಳಿಯ ಮೇಲೆ ಜಾರಿ ಬಿದ್ದೆ. ಮಣಿಕಟ್ಟು ಮುರಿಯಿತು. ಕಟ್ಟು ಬಿಚ್ಚಿದ ಮೇಲೆ ನೋಡಿದರೆ ಬೆರಳುಗಳು ಒಣಗಿದ ಕಡ್ಡಿಗಳ ಹಾಗೆ ಬಿಗಿದುಕೊಂಡಿದ್ದವು. ಮುಷ್ಟಿ ಅರ್ಧಕ್ಕೇ ನಿಲ್ಲುತ್ತಿತ್ತು. ಮೂಳೆ ಚೆನ್ನಾಗಿಯೇ ಕೂಡಿದೆ, ಇನ್ನು ಬೆರಳುಗಳನ್ನು ನೀವೇ ದುಡಿಸಬೇಕು, ನೋವಿಗೆ ಹೆದರಿ ಸುಮ್ಮನಿದ್ದರೆ ಹೀಗೇ ಉಳಿದುಬಿಡಬಹುದು ಎಂದರು ಡಾಕ್ಟರು. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳುವವಳು. ಕಪ್ಪುಹಲಗೆಯ ಮೇಲೆ ಹೃದಯದ ಚಿತ್ರವನ್ನು ಒಂದೇ ಗೆರೆಯಲ್ಲಿ ಎಳೆಯುವುದು ನನ್ನ ಗುಟ್ಟಾದ ಹೆಮ್ಮೆ. ಶಾಲೆ ತೆರೆಯುವ ಹೊತ್ತಿಗೆ ಸೀಮೆಸುಣ್ಣ ಹಿಡಿಯಲಾಗದಿದ್ದರೆ ಏನು ಗತಿ ಎಂಬ ಭಯ ಒಳಗೊಳಗೇ ತಿನ್ನುತ್ತಿತ್ತು. ಆದರೂ ವ್ಯಾಯಾಮಕ್ಕೆ ಕೂತರೆ ಸಾಕು, ಬೆರಳು ಮಡಿಸುವ ಮೊದಲೇ ಮುಖ ಹಿಂಡಿಕೊಳ್ಳುತ್ತಿದ್ದೆ.

ಯಜಮಾನರು ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಉಳಿಯುತ್ತಿದ್ದವರು ಅತ್ತೆ, ನಾನು, ಕೆಲಸ ಮುಗಿಸಿ ಬಂದ ಮೇಲೆ ಮಗಳು ಸಿಂಚನಾ. ಅವಳಿಗೆ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಬೆಳಗಿನ ಪಾಳಿ; ಮಧ್ಯಾಹ್ನಕ್ಕೆಲ್ಲ ಬಂದು, ಟೀವಿಗೆ ತಗಲಿಸಿದ ಪೆಟ್ಟಿಗೆಯಲ್ಲಿ ಕತ್ತಿ ವರಸೆಯ ಆಟ ಆಡುತ್ತಾ ಕೂರುತ್ತಿದ್ದಳು. ಒಂದು ದಿನ ನನ್ನ ಸಂಕಟ ನೋಡಿ, ಎರಡು ಕೊಂಬಿನಂತೆ ಹಿಡಿಯಿರುವ ಆ ರಿಮೋಟನ್ನು ನನ್ನ ಮಡಿಲಿಗೆ ಹಾಕಿದಳು.

"ಅಮ್ಮಾ, ಇದನ್ನ ಆಡು. ಕತ್ತಿ ಬೀಸೋ ಬಟನ್ನೆಲ್ಲಾ ಬಲಗೈಗೇ ಇದೆ. ಎಕ್ಸರ್‌ಸೈಜ್ ಅಂತ ಅನ್ಸೋದೇ ಇಲ್ಲ ನೋಡು."

ವ್ಯಾಯಾಮ ಹೇಳಿಕೊಡುವಾಕೆಯನ್ನು ಕೇಳಿದರೆ ಆಕೆ ನಕ್ಕು, ಆಡಿ ಮೇಡಂ, ತುಂಬ ನೋವಾದರೆ ನಿಲ್ಲಿಸಿ ಎಂದಳು. ಹೀಗೆ ಐವತ್ತು ದಾಟಿದ ನಾನು ಜಪಾನಿನ ಪುರಾಣದೊಳಗೆ ಕಾಲಿಟ್ಟೆ. ಅಲ್ಲ, ಕೈಯಿಟ್ಟೆ.

ಅಲ್ಲಿ ನಾನು ಸ್ವರ್ಗದಿಂದ ಹೊರದೂಡಲ್ಪಟ್ಟ ಬಿರುಗಾಳಿಯ ದೇವರು. ಎದುರಿಗೆ ಬರುತ್ತಿದ್ದವರೋ, ಉದ್ದ ಮೂಗಿನ ಕೆಂಪು ಮುಖದ ಬೆಟ್ಟದ ಭೂತ, ಗದೆ ಹೊತ್ತ ಕೊಂಬಿನ ರಾಕ್ಷಸ, ಹಲವು ಬಾಲಗಳ ಮಾಯಾವಿ ನರಿ. ಒಂಟಿ ಕಾಲಿನಲ್ಲಿ ಕುಪ್ಪಳಿಸುತ್ತಾ ನಾಲಿಗೆ ಚಾಚುವ ಹಳೆಯ ಛತ್ರಿಯೊಂದು ಬಂದಾಗ, ಪಕ್ಕದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅತ್ತೆ, "ಅಯ್ಯೋ, ನಮ್ಮ ಅಟ್ಟದ ಮ್ಯಾಲಿರೋದೂ ಎದ್ದು ಬಂದಾತು ಕಣಮ್ಮಿ!" ಎಂದು ನಕ್ಕುಬಿಟ್ಟರು. ಆ ನಗುವಿನಲ್ಲಿ ನನ್ನ ತೋರುಬೆರಳು ಎಷ್ಟು ಬಾಗಿತೆಂಬುದನ್ನು ನಾನೇ ಗಮನಿಸಲಿಲ್ಲ.

ಆಮೇಲೆ ಬಂತು ಹಾವು. ಒಂದೇ ಮೈಗೆ ಎಂಟು ತಲೆ, ಎಂಟು ಬಾಲ, ಬೆನ್ನ ಮೇಲೆ ಪಾಚಿ, ಮರಗಳು; ಕೆಂಡದಂಥ ಕಣ್ಣುಗಳು. ನಾನು ಕತ್ತಿ ಎತ್ತಿದ್ದೇ ತಡ, ಅತ್ತೆಯ ನಗು ನಿಂತುಹೋಯಿತು.

"ನಿಲ್ಸು ಸುಜಾತಾ. ಘಾಟಿ ಸುಬ್ಬಪ್ಪನಿಗೆ ನಡ್ಕೊಳ್ಳೋ ಮನೆ ಇದು. ಹಾವಿಗೆ ಹಾಲೆರೆಯೋ ಕೈಲಿ ಕತ್ತಿ ಬೀಸ್ತೀಯಾ?"

"ಅಜ್ಜಿ, ಅದು ಬರೀ ಗೇಮು!" ಎಂದಳು ಸಿಂಚನಾ.

"ಗೇಮಾದ್ರೇನು? ಕೈ ಯಾರ್ದು?"

ಅತ್ತೆ ಎದ್ದು ಟೀವಿಗೇ ಕೈಮುಗಿದು, ತಪ್ಪಾಯ್ತು ಎಂದು ಕೆನ್ನೆ ಬಡಿದುಕೊಂಡರು. ನಾನು ಆಟ ನಿಲ್ಲಿಸಿದೆ. ನನಗೂ ಒಳಗೆಲ್ಲೋ ಅಳುಕಿತ್ತು. ಷಷ್ಠಿಯ ದಿನ ಕಲ್ಲು ನಾಗರಕ್ಕೆ ಅರಿಸಿನ ಹಚ್ಚಿ ಬೆಳೆದವಳು ನಾನು. ವಿಜ್ಞಾನ ಹೇಳಿದ ಮಾತ್ರಕ್ಕೆ ಬೆರಳಿನ ಆ ನೆನಪು ಅಳಿಯುತ್ತದೆಯೇ? ಆದರೆ ಆಟ ನಿಂತ ದಿನಗಳಲ್ಲಿ ಬೆರಳುಗಳು ಮತ್ತೆ ಬಿಗಿಯತೊಡಗಿದವು. ಅನ್ನ ಕಲೆಸಲು ಹೋಗಿ, ಆಗದೆ, ಚಮಚ ತೆಗೆದುಕೊಂಡೆ. ಅತ್ತೆ ಅದನ್ನು ನೋಡಿದರು.

ಮರುದಿನ ಮಧ್ಯಾಹ್ನ ಅವರೇ ಮೊಮ್ಮಗಳನ್ನು ಕರೆದರು. "ಅಲ್ಲ ಕಣೇ, ಆ ಹಾವು ಮಾಡಿದ ತಪ್ಪಾದರೂ ಏನು? ಸುಮ್‌ಸುಮ್ನೆ ಯಾಕೆ ಹೊಡೀಬೇಕು?"

ಸಿಂಚನಾ ಕಥೆ ಹೇಳಿದಳು. ನದಿಯ ಮೇಲುಗಡೆ ಮುದುಕ ಮುದುಕಿ, ಅವರಿಗೆ ಎಂಟು ಹೆಣ್ಣುಮಕ್ಕಳು. ವರ್ಷ ವರ್ಷವೂ ಆ ಹಾವು ಬಂದು ಒಬ್ಬೊಬ್ಬಳನ್ನು ತಿಂದು ಹೋಗುತ್ತದೆ. ಈಗ ಉಳಿದವಳು ಕೊನೆಯ ಮಗಳು. ಗಾಳಿಯ ದೇವರು ಅವಳನ್ನು ಬಾಚಣಿಗೆಯಾಗಿ ಮಾಡಿ ತನ್ನ ಮುಡಿಗೆ ಸಿಕ್ಕಿಸಿಕೊಳ್ಳುತ್ತಾನೆ. ಹಾವಿನ ಎಂಟು ಬಾಯಿಗೂ ಎಂಟು ಬಾನಿ ಹೆಂಡ ಇಟ್ಟು ಕಾಯುತ್ತಾನೆ.

ಅತ್ತೆಯ ಕೈಯಲ್ಲಿದ್ದ ಹುಣಸೆಹಣ್ಣು ಹಾಗೇ ಉಳಿಯಿತು. "ಏಳು ಹೆಣ್ಮಕ್ಕಳನ್ನ ತಿಂದೈತಾ?"

"ಹೂಂ ಅಜ್ಜಿ."

"ಹಂಗಾದ್ರೆ ಅದು ನಮ್ಮ ನಾಗಪ್ಪ ಅಲ್ಲ. ನಾಗಪ್ಪ ಮಕ್ಕಳನ್ನ ಕೊಡೋನು, ತಿನ್ನೋನಲ್ಲ. ಹಾವಿನ ವೇಷ ಹಾಕ್ಕೊಂಡಿರೋ ರಾಕ್ಷಸ ಅದು." ನನ್ನತ್ತ ತಿರುಗಿದರು. "ಹೊಡಿ ಸುಜಾತಾ. ಒಂದು ತಲೇನೂ ಉಳಿಸ್ಬೇಡ."

ಗೆಳೆಯರೇ, ಅಂಥ ಅಪ್ಪಣೆ ನನಗೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ಮೊದಲು ಸೋತೆ, ಮತ್ತೆ ಸೋತೆ, ದಿನಗಟ್ಟಲೆ ಸೋತೆ. ಹೆಡೆ ಅಪ್ಪಳಿಸುವಾಗ ಪಕ್ಕಕ್ಕೆ ಹಾರಬೇಕು, ಹೆಂಡಕ್ಕೆ ಬಾಯಿ ಹಾಕಿ ತೂಕಡಿಸುವಾಗ ನುಗ್ಗಬೇಕು. ನನಗೋ ಎರಡೂ ತಡ. ಓದುವ ಪುರಾಣಕ್ಕೂ ಆಡುವ ಪುರಾಣಕ್ಕೂ ಇರುವ ಅಂತರ ಆಗ ತಿಳಿಯಿತು. ಪುಸ್ತಕದಲ್ಲಿ ನಾವು ತೂಕಡಿಸಿದರೂ ದೇವರು ಗೆದ್ದೇ ಗೆಲ್ಲುತ್ತಾನೆ. ಇಲ್ಲಿ ಆ ಹುಡುಗಿ ಬದುಕಬೇಕಾದರೆ ದೊಡ್ಡಬಳ್ಳಾಪುರದ ನನ್ನ ಮುರಿದ ಕೈಯೇ ಏಳಬೇಕು. ಕಡಲಾಚೆಯ ಆ ಕೂಸು ನನ್ನ ಮುಡಿಯಲ್ಲೇ ಕೂತಿದೆ ಎಂದುಕೊಂಡಾಗ ನೋವು ಇದ್ದಲ್ಲೇ ಇತ್ತು, ಹೆದರಿಕೆ ಮಾತ್ರ ಹೋಗಿತ್ತು.

ಒಂದು ಮಧ್ಯಾಹ್ನ ತಲೆಗಳು ಒಂದೊಂದಾಗಿ ಉರುಳಿದವು. ಕೊನೆಯದು ಉಳಿಯಿತು. ನನ್ನ ಜೀವ ಎಷ್ಟು ಉಳಿದಿದೆಯೆಂದು ಪರದೆಯ ಮೂಲೆಯಲ್ಲಿ ತೋರಿಸುವ ಗೆರೆ ಕೂದಲೆಳೆಯಷ್ಟಿತ್ತು.

"ಅಮ್ಮಾ, ತಡಿ, ತಡಿ... ಈಗ!" ಎಂದಳು ಸಿಂಚನಾ.

"ಹಾಕು! ಹಾಕು ಅವನಿಗೆ!" ಅತ್ತೆ ಮಂಡಿನೋವು ಮರೆತು ಎದ್ದು ನಿಂತಿದ್ದರು.

ಬೆರಳು ಒತ್ತಿತು. ಪೂರ್ತಿ ಒತ್ತಿತು. ಎಂಟನೆಯ ಹೆಡೆ ನದಿಗೆ ಬಿತ್ತು, ನೀರೆಲ್ಲ ಕೆಂಪಾಯಿತು, ಸೀಳಿದ ಬಾಲದೊಳಗಿಂದ ಹೊಳೆಯುವ ಕತ್ತಿಯೊಂದು ಹೊರಬಂತು. ಬಾಚಣಿಗೆಯಾಗಿದ್ದವಳು ಮತ್ತೆ ಹುಡುಗಿಯಾಗಿ ಅಪ್ಪ ಅಮ್ಮನ ಕಡೆಗೆ ಓಡಿದಳು. ನಾವು ಮೂವರೂ ಕೂಗಿದ ಕೂಗಿಗೆ ಎದುರುಮನೆಯ ಮಗ್ಗದವರು ಬಾಗಿಲಿಗೆ ಬಂದು ಏನಾಯಿತೆಂದು ಇಣುಕಿದರು.

"ನಮ್ಮ ಸೊಸೆ ರಾಕ್ಷಸನ್ನ ಹೊಡೆದ್ಲು!" ಎಂದು ಅತ್ತೆ ಬೀದಿಗೇ ಸಾರಿ, ಒಳಗೆ ಹೋಗಿ ಉಪ್ಪು ಮೆಣಸಿನಕಾಯಿ ತಂದು ನನಗೆ ದೃಷ್ಟಿ ತೆಗೆದರು. ಗಂಟಲು ಒಣಗಿದೆ, ಪಾನಕ ಮಾಡೋಣ ಎಂದರು. ಸಿಂಚನಾ ಬೆಲ್ಲ ಕುಟ್ಟಿದಳು. ಅತ್ತೆ ನಿಂಬೆಹಣ್ಣು ಹೆಚ್ಚಿ, ಒಂದು ಹೋಳನ್ನು ನನ್ನ ಕೈಗಿಟ್ಟರು. ಯಾವ ಕೈಗೆ ಇಡುತ್ತಿದ್ದೇನೆಂದು ಅವರೂ ನೋಡಲಿಲ್ಲ, ಯಾವ ಕೈ ಚಾಚಿದೆನೆಂದು ನಾನೂ ನೋಡಲಿಲ್ಲ. ಬಲಗೈ ಮುಚ್ಚಿಕೊಂಡಿತು. ಬೆರಳ ಸಂದಿಯಿಂದ ರಸ ಸುರಿದು, ಮೊಣಕೈವರೆಗೆ ಹರಿದು, ಸೀರೆಯ ಮೇಲೆಲ್ಲ ತೊಟ್ಟಿಕ್ಕಿತು. ಹೋಳು ಸಿಪ್ಪೆಯಾದ ಮೇಲೂ ನಾನು ಹಿಂಡುತ್ತಲೇ ಇದ್ದೆ.