ಮೇಷ್ಟ್ರ ತಪ್ಪು ಸ್ವರ

ನನ್ನ ಪಿಟೀಲು ಮೇಷ್ಟ್ರ ಎಡಗೈಯ ಕಿರುಬೆರಳು ಕೊಕ್ಕೆಯ ಹಾಗೆ ಒಳಕ್ಕೆ ಬಾಗಿತ್ತು. ಹಗಲೆಲ್ಲ ತಾಂಡ್ಯದ ಕಾರ್ಖಾನೆಯಲ್ಲಿ ದುಡಿದು, ನಂಜನಗೂಡಿನ ಮನೆಗೆ ಬಂದು ಮುಖ ತೊಳೆದು, ಸಂಜೆ ನಮಗೆ ಪಾಠ ಹೇಳುತ್ತಿದ್ದರು. ಆಯಾಸಕ್ಕೆ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದರು. ನಿದ್ದೆ ಹೋದರು ಅಂದುಕೊಂಡು ನಾವು ಒಂದು ಸಾಲು ಹಾರಿಸಿದರೆ, ಕಣ್ಣು ತೆರೆಯದೆಯೇ “ಮೊದ್ಲಿಂದ” ಅನ್ನುತ್ತಿದ್ದರು.

ಮುಂದೆ ನಾನು ತಿ. ನರಸೀಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುವವಳಾದೆ. ಒಂಟಿ ಪಿಟೀಲಿಗೆ ಕಂಪ್ಯೂಟರಿನ ಪಕ್ಕವಾದ್ಯ ಇರುವ ಒಂದು ರಚನೆ ಮಾಡುವ ಹುಚ್ಚು ಹತ್ತಿತು. ಪಿಟೀಲಿಗೆ ಸಿಕ್ಕಿಸಿದ ಪುಟ್ಟ ಮೈಕಿನಿಂದ ಲ್ಯಾಪ್‌ಟಾಪ್ ಸ್ವರ ಕೇಳಿಸಿಕೊಂಡು, ಆಗಿಂದಾಗಲೇ ಜೊತೆ ಕೊಡಬೇಕು. ನುಡಿಸಲು ನಿವೃತ್ತರಾಗಿದ್ದ ಮೇಷ್ಟ್ರನ್ನೇ ಕೇಳಿದೆ. ಒಪ್ಪಿದರು.

ಪ್ರತಿ ಭಾನುವಾರ ಬಸ್ಸು ಹಿಡಿದು ಹೋಗುತ್ತಿದ್ದೆ. ಅವರ ಕಿರುಬೆರಳು ತಡೆಯುತ್ತಿತ್ತು, ಸ್ವರ ಕೂದಲೆಳೆಯಷ್ಟು ಇಳಿಯುತ್ತಿತ್ತು. ಹೇಳಲು ಬಾಯಿ ಬರಲಿಲ್ಲ. ಅವರಿಗೆ ತಿಳಿಸದೆ, ತಪ್ಪಿದ ಸ್ವರವನ್ನು ತಿದ್ದಿ ಸ್ಪೀಕರಿನಲ್ಲಿ ಜೋರಾಗಿ ಕೇಳಿಸುವಂತೆ ಪ್ರೋಗ್ರಾಂ ಬರೆದೆ.

ಮುಂದಿನ ವಾರ ನಾಲ್ಕು ಸಾಲು ನುಡಿಸಿ ನಿಲ್ಲಿಸಿದರು. ಬೇಕೆಂದೇ ಒಂದು ಅಪಸ್ವರ ಎಳೆದರು. ಸ್ಪೀಕರ್ ಸರಿಯಾಗಿ ನುಡಿಯಿತು. ಮತ್ತೊಮ್ಮೆ ಎಳೆದರು.

“ನಾನು ನುಡ್ಸಿದ್ದು ತಪ್ಪು ಕಣವ್ವ. ಅದ್ಯಾಕೆ ಸರಿಯಾಗಿ ಕೇಳ್ತದೆ?”

ಇದ್ದದ್ದನ್ನು ಹೇಳಿದೆ. ಕಮಾನು ಸಡಿಲಿಸಿ ಪೆಟ್ಟಿಗೆಯಲ್ಲಿಟ್ಟರು.

“ಅಂಗಾರೆ ನಾನ್ಯಾಕೆ ಬೇಕು? ಅದ್ನೇ ಕೂರ್ಸಿ ನುಡಿಸ್ಬುಡು.”

ಒಂದು ತಿಂಗಳು ನನ್ನ ಫೋನ್ ಎತ್ತಲಿಲ್ಲ.

ಕಾಲೇಜು, ಪರೀಕ್ಷೆ, ಉತ್ತರ ಪತ್ರಿಕೆಗಳ ಕಟ್ಟು. ಅವುಗಳ ನಡುವೆ ಉಳಿದ ಹೊತ್ತಿನಲ್ಲಿ ಇಡೀ ರಚನೆಯನ್ನು ಮತ್ತೆ ಬರೆದೆ. ಕಿರುಬೆರಳಿಗೆ ಕೆಲಸವಿಲ್ಲದಂತೆ ಸಾಲುಗಳನ್ನು ಬದಲಿಸಿದೆ. ತಿದ್ದುವ ಭಾಗವನ್ನು ಅಳಿಸಿ, ಅವರು ನಿಂತರೆ ಕಂಪ್ಯೂಟರೂ ಒಂದೇ ತಗ್ಗಿದ ಸ್ವರ ಹಿಡಿದು ಕಾಯುವಂತೆ ಮಾಡಿದೆ. ಹಾಳೆಗಳೊಂದಿಗೆ ಬಾಗಿಲಲ್ಲಿ ನಿಂತವಳ ಮುಖ ನೋಡಿ “ಉಂಡ್ಯಾ ಮಗ?” ಅಂದರು. ಮುದ್ದೆ ಬಡಿಸಿದ ಮೇಲೇ ಹಾಳೆ ತಿರುವಿದರು.

“ಈಗ ನನ್ ಕೈಗೆ ಬರ್ದಿದ್ದೀಯ.”

ನಮ್ಮ ಕಾಲೇಜಿನ ಸಭಾಂಗಣದಲ್ಲಿ ನುಡಿಸಿದರು. ಅರ್ಧಕ್ಕೆ ಬಂದಾಗ ಕೈ ನಿಂತಿತು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಲ್ಯಾಪ್‌ಟಾಪ್ ಸ್ವರ ಹಿಡಿದು ಕಾಯುತ್ತಿತ್ತು. ಗುಂಡಿ ಒತ್ತಿ ಮುಗಿಸಿಬಿಡೋಣವೆಂದು ನಾನು ಕೈ ಚಾಚಿದೆ. ಅವರು ಬೇಡವೆಂದು ತಲೆಯಾಡಿಸಿದರು. ಎಷ್ಟೋ ಹೊತ್ತಾದ ಮೇಲೆ ಕಮಾನು ಎತ್ತಿದರು. ಮೊದಲ ಸ್ವರ ಇಳಿದೇ ಬಂತು. ಅದು ಹಾಗೆಯೇ ಎಲ್ಲರಿಗೂ ಕೇಳಿಸಿತು. ಅಲ್ಲಿಂದ ಕೊನೆಯವರೆಗೂ ನುಡಿಸಿದರು.

ನಂಜನಗೂಡಿಗೆ ಬಿಟ್ಟು ಬರಲು ಜೊತೆಗೆ ಹೋದಾಗ ಬಸ್ಸಿನ ಕಿಟಕಿಗೆ ತಲೆಯಿಟ್ಟು ಹೇಳಿದರು: “ಸುಸ್ತಾಯ್ತು ಕಣವ್ವ. ಆದ್ರೆ ನಾನೇ ನುಡಿಸ್ದೆ.”

ಎಂಟು ತಿಂಗಳಿಗೆ ತೀರಿಕೊಂಡರು. ವರ್ಷದ ತಿಥಿಗೆ ಹಾಕಲೆಂದು ಅವರ ಮಗಳು ಆ ದಿನ ನಾನು ಮಾಡಿಕೊಂಡಿದ್ದ ರೆಕಾರ್ಡಿಂಗ್ ಕೊಡುವಂತೆ ಕೇಳಿದಳು.

“ಅಕ್ಕ, ಅಪ್ಪ ನಿಂತು ಶುರು ಮಾಡ್ತಾರಲ್ಲ, ಆ ಜಾಗ ಒಂಚೂರು ಸರಿ ಮಾಡಕ್ಕಾಯ್ತದಾ?”

ಎರಡು ನಿಮಿಷದ ಕೆಲಸ. ಆಗುವುದಿಲ್ಲ ಎಂದು ಹೇಳಿ, ಇದ್ದಂತೆಯೇ ಕೊಟ್ಟೆ.