ಸ್ಟಾರ್ಟರಿಗೆ ಸಿಕ್ಕಿಸಿದ ಮಟ್ಟೆಚೂರು

ಮನೆಯಲ್ಲೇ ಕೂತು ಸೊಸೆ ಏನು ಕೆಲಸ ಮಾಡುತ್ತಾಳೆಂದು ಯಾರಾದರೂ ಕೇಳಿದರೆ ನಮ್ಮ ಮಾವ, "ಕಂಪ್ಯೂಟರ್ ಕೆಡುಸ್ತಾಳೆ, ಅದುಕ್ಕೂ ಸಂಬ್ಳ ಕೊಡ್ತಾರೆ" ಎನ್ನುತ್ತಾರೆ. ನಾನು ತಿದ್ದಲು ಹೋಗಿಲ್ಲ. ಅವರು ಹೇಳುವುದು ಹೆಚ್ಚುಕಮ್ಮಿ ನಿಜವೇ.

ಬ್ಯಾಂಕುಗಳ ವ್ಯವಹಾರ ಹೊರುವ ಮೇನ್‌ಫ್ರೇಮ್ ಎಂಬ ದೊಡ್ಡ ಯಂತ್ರ ಒಳಗೊಳಗೇ ಹತ್ತಾರು ಯಂತ್ರಗಳಂತೆ ನಟಿಸಬಲ್ಲದು. ಆ ನಟನೆ ನಡೆಸುವ ತಳದ ಪ್ರೋಗ್ರಾಂ ಸರಿಯಿದೆಯೇ ಎಂದು ನೋಡುವುದು ನನ್ನ ಕೆಲಸ. ಯಜಮಾನರು ಅರಕಲಗೂಡಿನ ಶಾಲೆಗೆ ಹೊರಟ ಮೇಲೆ, ಹಿಂದೆ ತೆಂಗಿನಕಾಯಿ ಒಟ್ಟುತ್ತಿದ್ದ ಕೋಣೆಯಲ್ಲಿ ಕೂತು, ಎಲ್ಲೋ ದೂರದ ಯಂತ್ರಕ್ಕೆ ಬೇಕೆಂದೇ ತಪ್ಪು ಆದೇಶ ಕೊಡುತ್ತೇನೆ. ಮಾಡಲಾಗದ ಆದೇಶ ಸಿಕ್ಕಾಗ ಪ್ರೊಸೆಸರ್ ಕೈಲಿದ್ದದ್ದನ್ನು ಬಿಟ್ಟು, ತಪ್ಪಾದಾಗ ಹೋಗಬೇಕೆಂದು ಮೊದಲೇ ಬರೆದಿಟ್ಟ ವಿಳಾಸಕ್ಕೆ ಹೋಗಬೇಕು. ಇದಕ್ಕೆ ಎಕ್ಸೆಪ್ಶನ್ ಎನ್ನುತ್ತಾರೆ.

ಆ ವಿಳಾಸ ಯಾವಾಗಲೂ ಸಮಸಂಖ್ಯೆಯಾಗಿರಬೇಕು. ಒಂದು ದಿನ ನಾನು ತರಲೆ ಬುದ್ಧಿಯಿಂದ ಅಲ್ಲಿ ಬೆಸಸಂಖ್ಯೆ ಹಾಕಿದೆ. ಈಗ ತಪ್ಪು ಸರಿಪಡಿಸಲು ಹೊರಟ ಪ್ರೊಸೆಸರ್‌ಗೆ ಅಲ್ಲಿಗೆ ಹೋಗುವುದೇ ತಪ್ಪು. ಆ ತಪ್ಪಿಗೂ ಮತ್ತೆ ಅಲ್ಲಿಗೇ ಹೋಗಬೇಕು. ಕೊನೆಯೇ ಇಲ್ಲ. ತಳದ ಪ್ರೋಗ್ರಾಂ ಇದನ್ನು ಗುರುತಿಸಿ ಆ ನಕಲಿ ಯಂತ್ರವನ್ನು ನಿಲ್ಲಿಸಬೇಕು. ಆ ಪ್ರೋಗ್ರಾಮಿಗೆ ನಮ್ಮವರು ಬರೆದ ಹೊಸ ಕೋಡ್ ನಿಲ್ಲಿಸಲಿಲ್ಲ. ನಕಲಿ ಯಂತ್ರ ಗಾಣದೆತ್ತಿನಂತೆ ಸುತ್ತುತ್ತಲೇ ಇತ್ತು. ಹಿಂದೆ ಸಾಲಿನಲ್ಲಿದ್ದ ಉಳಿದವರ ಪರೀಕ್ಷೆಗಳೂ ಅಲ್ಲೇ ನಿಂತುಬಿಟ್ಟವು.

ತಂಡದ ಮುಖ್ಯಸ್ಥರು ಫೋನ್ ಮಾಡಿದರು. ತಲೆ ನೆಟ್ಟಗಿರುವ ಯಾರೂ ಅಲ್ಲಿ ಬೆಸಸಂಖ್ಯೆ ಹಾಕುವುದಿಲ್ಲ, ನಿಮ್ಮೊಬ್ಬರಿಂದ ಎಲ್ಲರ ಕೆಲಸ ನಿಂತಿದೆ, ಸಂಜೆಯೊಳಗೆ ಆ ಪರೀಕ್ಷೆ ತೆಗೆದುಹಾಕಿ ಎಂದರು. ಮೈಯೆಲ್ಲ ಉರಿದುಹೋಯಿತು. ಅದನ್ನು ತೆಗೆದರೆ ಪರೀಕ್ಷೆಗಳ ಪಟ್ಟಿಯೆಲ್ಲ ಪಾಸೆಂದು ಹಸಿರಾಗುತ್ತದೆ, ಕೋಡ್ ಆ ತೂತಿನೊಂದಿಗೇ ಹೊರಗೆ ಹೋಗುತ್ತದೆ. ತೆಗೆಯಬಾರದು ಎಂಬುದು ಗಟ್ಟಿಯಿತ್ತು. ಉಳಿಸಿಕೊಳ್ಳುವುದು ಹೇಗೆಂದು ಮಾತ್ರ ಹೊಳೆಯಲಿಲ್ಲ.

ಆ ಸಿಟ್ಟಿನಲ್ಲೇ ಮಾವನಿಗೆ ಬುತ್ತಿ ತೆಗೆದುಕೊಂಡು ತೋಟಕ್ಕೆ ಹೋದೆ. ಪಂಪಿನ ಮನೆಯಲ್ಲಿ ಸುಟ್ಟ ವಾಸನೆ. ಮೋಟರ್ ನರಳುತ್ತಿತ್ತು. ಹೊರೆ ಹೆಚ್ಚಾದಾಗ ಮೋಟರ್ ಸುಡದಂತೆ ಕರೆಂಟ್ ಕಡಿಯುವುದು ಸ್ಟಾರ್ಟರ್; ನಮ್ಮ ಕಡೆ ಅದು ಮತ್ತೆ ಮತ್ತೆ ಬಿದ್ದರೆ, ಬೀಳದ ಹಾಗೆ ಅದರ ಬಾಯಿಗೆ ಏನಾದರೂ ತುರುಕುವುದು ಎಲ್ಲರ ಮನೆಯ ರೂಢಿ. ಮಾವ ತೆಂಗಿನ ಮಟ್ಟೆಯ ಚೂರೊಂದನ್ನು ಸಿಕ್ಕಿಸಿದ್ದರು.

"ಪದೇ ಪದೇ ಬೀಳ್ತದೆ ಕಣವ್ವ, ಅದುಕ್ಕೇ ಸಿಕ್ಕುಸ್ದೆ. ಈಗ ನೋಡು, ಎಂಗೆ ಓಡ್ತಾ ಐತೆ" ಎಂದರು.

ನಾನು ಮೇನ್ ಸ್ವಿಚ್ ಇಳಿಸಿ ಚೂರು ಕಿತ್ತೆಸೆದೆ. ಗಿಡಗಳಿಗೆ ನೀರು ನೀನು ಹೊತ್ತು ಹಾಕುತ್ತೀಯಾ ಎಂದು ಮಾವ ಮುನಿಸಿಕೊಂಡರು. ನಾನು ಅತ್ತ ಹೋದೊಡನೆ ಮತ್ತೆ ಸಿಕ್ಕಿಸುತ್ತಾರೆಂದು ಗೊತ್ತಿತ್ತು. ಆದರೆ ಬದುವಿನ ಮೇಲೆ ಬರುವಾಗ ತಲೆ ತುಂಬ ಆ ಸ್ಟಾರ್ಟರೇ. ಅದು ಬಿದ್ದರೆ ನಮ್ಮ ಮೋಟರ್ ಒಂದೇ ನಿಲ್ಲುತ್ತದೆ, ಪಕ್ಕದ ತೋಟದವರ ಕರೆಂಟ್ ಹೋಗುವುದಿಲ್ಲ. ನನ್ನ ಪರೀಕ್ಷೆ ಬಿದ್ದಾಗ ಊರಿಗೆಲ್ಲ ಕತ್ತಲಾಗುತ್ತಿತ್ತು. ಮುಖ್ಯಸ್ಥರ ದೂರಿನಲ್ಲಿ ನ್ಯಾಯವಿದ್ದದ್ದು ಅಷ್ಟೇ.

ಮನೆಗೆ ಬಂದವಳೇ ಪರೀಕ್ಷೆಗೆ ಹೊರಗಿನಿಂದ ಒಂದು ಕಾವಲು ಬರೆದೆ. ನಕಲಿ ಯಂತ್ರ ಸ್ವಲ್ಪ ಹೊತ್ತಿನಲ್ಲಿ ತಾನಾಗಿ ನಿಲ್ಲದಿದ್ದರೆ ಕಾವಲು ಅದನ್ನು ಕೊಂದು, ಫೇಲ್ ಎಂದು ಬರೆದು, ಮುಂದಿನವರಿಗೆ ದಾರಿ ಬಿಡುತ್ತದೆ. ಓಡಿಸಿದೆ. ಹಸಿರು ಸಾಲುಗಳ ನಡುವೆ ಒಂದೇ ಒಂದು ಕೆಂಪು.

ಮುಖ್ಯಸ್ಥರಿಗೆ ನಾನೇ ಫೋನ್ ಮಾಡಿದೆ. "ಈಗ ಯಾರ ಕೆಲಸವೂ ನಿಂತಿಲ್ಲ ಸರ್. ಆ ಕೆಂಪನ್ನ ನಾನು ತೆಗೆಯಲ್ಲ. ಕೋಡ್ ಸರಿಹೋದ ದಿನ ಅದೇ ಹೋಗುತ್ತೆ."

ಆಯಿತು, ಇರಲಿ ಎಂದರು ಅವರು.

ತಿದ್ದಿದ ಕೋಡ್ ಬರಲು ಕೆಲವು ದಿನ ಹಿಡಿಯಿತು. ಬಂದ ದಿನ ಕೆಂಪು ಹೋಗಿ ಹಸಿರಾಯಿತು. ನನಗೆ ನಂಬಿಕೆ ಬರಲಿಲ್ಲ. ತಿದ್ದುಪಡಿಯನ್ನು ಕಿತ್ತು ಮತ್ತೆ ಓಡಿಸಿದೆ, ಕೆಂಪು ಬಂತು. ಅದನ್ನು ಕಂಡು ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಾವನಿಗೆ ಗಾಬರಿ.

"ಸರ್ಯಾಗಿದ್ದುದ್ನ ಯಾಕವ್ವ ಕೆಡುಸ್ದೆ?"

"ಕೆಟ್ಟಾಗ ಬೀಳುತ್ತಾ ಅಂತ ನೋಡ್ಬೇಕಿತ್ತು ಮಾವ. ಬೀಳದೇ ಇದ್ರೆ ಅದಕ್ಕಿಂತ ಮೋಸ ಇನ್ನೊಂದಿಲ್ಲ."

ಅವರು ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟರು. ನಾನು ತಿದ್ದುಪಡಿಯನ್ನು ಮತ್ತೆ ಸೇರಿಸಿ, ಹಸಿರು ನೋಡಿಕೊಂಡೇ ಎದ್ದೆ.

ಮಾರನೆಯ ದಿನ ಬುತ್ತಿ ಒಯ್ದಾಗ ತೋಟದಲ್ಲಿ ಮೋಟರಿನ ಸದ್ದಿರಲಿಲ್ಲ. ಸ್ಟಾರ್ಟರ್ ಬಿದ್ದಿತ್ತು, ಅದರ ಬಾಯಿ ಖಾಲಿಯಿತ್ತು. ಹಾಸನದ ರಸ್ತೆಯಲ್ಲಿ ಅಂಗಡಿ ಇಟ್ಟಿರುವ ಮೆಕ್ಯಾನಿಕ್ಕಿಗೆ ಹೇಳಿ ಕಳಿಸಿ, ಮಾವ ತೆಂಗಿನ ಬುಡದಲ್ಲಿ ಕಾಯುತ್ತಾ ಕೂತಿದ್ದರು.

"ಬಿದ್ದೈತೆ" ಎಂದರು, ನನ್ನ ಮುಖ ನೋಡದೆ. "ಬೀಳ್ಲಿ ಬಿಡು. ಯಾಕ್ ಬಿತ್ತು ಅಂತ ನೋಡನ."